ಪಂಚಧಾರೆಗಳೂ ಪ್ರಾಚೀನ ಭಾರತದ ಅಶ್ವಶಿಕ್ಷೆಯೂ

೧

ಸಂಸ್ಕೃತ ಮಹಾಕಾವ್ಯಗಳಲ್ಲಿಯೂ ಅವುಗಳ ಮಾರ್ಗವನ್ನು ಹಿಡಿದು ಬಂದ ಕನ್ನಡ ಕಾವ್ಯಗಳಲ್ಲಿಯೂ ಅಶ್ವವರ್ಣನೆ ಅಪರೂಪವಲ್ಲ. ದಂಡಯಾತ್ರೆ, ಬೇಟೆ, ಯುದ್ಧ, ಅಶ್ವಮೇಧ ಇವುಗಳಲ್ಲಿ ಯಾವ ಪ್ರಸಂಗ ಬಂದರೂ ಕವಿಯ ದೃಷ್ಟಿ ಕುದುರೆಯ ನಡೆಯ ಮೇಲೆ ಸ್ವಲ್ಪ ಹೊತ್ತು ನಿಂತು ಮುಂದೆ ಸಾಗುವುದು. ಇಂಥ ಸ್ಥಳಗಳನ್ನು ವಿವರಿಸುವಾಗ ವ್ಯಾಖ್ಯಾನಕಾರರು ಮೊರೆಹೋಗುವ ಪಾರಿಭಾಷಿಕ ಶಬ್ದಗಳಲ್ಲಿ ಮುಖ್ಯವಾದುದು ‘ಧಾರಾ’ ಎಂಬುದು. ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂಬ ಐದು ಗತಿಗಳನ್ನು ಹೆಸರಿಸಿ, ಇವೇ ಪಂಚಧಾರೆಗಳೆಂದು ಹೇಳಿ ಮುಂದಕ್ಕೆ ಹೋಗಿರುವನು. ಒಂದೊಂದರ ಲಕ್ಷಣವೇನೆಂಬುದನ್ನು ಅಲ್ಲಿ ಹೇಳಿಲ್ಲ. ಆದಕಾರಣ ಕೋಶವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಐದು ಹೆಸರುಗಳು ಬರುತ್ತವೆ; ಐದು ನಡೆಗಳು ಕಣ್ಣಿಗೆ ಕಟ್ಟುವುದಿಲ್ಲ.

ಈ ಕೊರತೆಯನ್ನು ತುಂಬುವುದಕ್ಕೆ ಪಾಠಶಾಲೆಗಳಲ್ಲಿ ಒಂದು ಸುಲಭವಾದ ಅರ್ಥ ರೂಢಿಗೆ ಬಂದಿದೆ. ಧಾರೆಯೆಂದರೆ ವೇಗದ ಪ್ರಮಾಣ. ಐದು ಧಾರೆಗಳೆಂದರೆ ನಿಧಾನವಾದ ನಡಿಗೆಯಿಂದ ನಾಗಾಲೋಟದವರೆಗಿನ ಐದು ಮೆಟ್ಟಲುಗಳು, ಎಂಬುದೇ ಆ ಅರ್ಥ. ಪಾಶ್ಚಾತ್ಯ ಕೋಶಕಾರರೂ ಧೌರಿತಕವನ್ನು ಕುಕ್ಕುಲೋಟವೆಂದೂ ವಲ್ಗಿತವನ್ನು ನಾಗಾಲೋಟವೆಂದೂ ಬರೆದು ಇದನ್ನೇ ಬಲಪಡಿಸಿದರು. ಈ ಅರ್ಥವನ್ನು ಒಪ್ಪಿದರೆ ಕವಿಗಳು ಹೇಳಿದ್ದರಲ್ಲಿ ಅರ್ಧದಷ್ಟು ವ್ಯರ್ಥವಾಗುವುದು. ಕುದುರೆ ಬೇಗ ಓಡಿತು ಎಂಬ ಒಂದೇ ಮಾತನ್ನು ಐದು ಹೆಸರುಗಳಿಂದ ಹೇಳಿದಂತಾಗುವುದು. ಧಾರೆಗಳಲ್ಲಿ ಬಹುಪಾಲು ವೇಗದ ಹೆಸರುಗಳಲ್ಲವೆಂಬುದನ್ನೂ, ಅವು ಶಿಕ್ಷಿತವಾದ ಕುದುರೆಯ ಶರೀರವಿನ್ಯಾಸದ ಹೆಸರುಗಳೆಂಬುದನ್ನೂ, ಆ ಶಿಕ್ಷೆಯ ಗುರಿ ಲಾಘವವೇ ಹೊರತು ರಭಸವಲ್ಲವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವ್ಯಾಕರಣದ ಸಾಕ್ಷ್ಯವನ್ನು ಪರಿಶೀಲಿಸಬಹುದು. ಧೌರಿತಕ, ಧೋರಿತ, ಧೋರಣ ಎಂಬ ರೂಪಗಳೆಲ್ಲವೂ ‘ಧೋರ್’ ಎಂಬ ಧಾತುವಿಗೆ ಸೇರಿದವು. ಪಾಣಿನೀಯ ಧಾತುಪಾಠದಲ್ಲಿ ನೂರಾರು ಧಾತುಗಳಿಗೆ ‘ಗತಿ’ ಎಂಬ ಸಾಮಾನ್ಯಾರ್ಥವನ್ನು ಕೊಟ್ಟಿದೆ. ವಲ್ಗ್ ಎಂಬುದು ಅಂಥ ಗತ್ಯರ್ಥಕ ಧಾತುಗಳ ಗುಂಪಿನಲ್ಲಿಯೇ ಇದೆ. ಧೋರ್ ಧಾತುವಿಗೆ ಮಾತ್ರ ಬರಿಯ ಗತಿಯನ್ನು ಹೇಳದೆ ಗತಿಯಲ್ಲಿನ ಚಾತುರ್ಯವನ್ನು ಅರ್ಥವಾಗಿ ಹೇಳಿದೆ. ವೇಗವೇ ಅರ್ಥವಾಗಿದ್ದರೆ ಹಾಗೆಂದು ಹೇಳುವುದಕ್ಕೆ ಅಡ್ಡಿಯಿರಲಿಲ್ಲ. ಚಾತುರ್ಯವೆಂಬುದು ಕಲಿತು ಬರುವ ಗುಣ. ಆದುದರಿಂದ ಧೌರಿತಕವೆಂದರೆ ಕಲಿತ ನಡೆ, ಜಾಣ ನಡೆ ಎಂದೇ ಅರ್ಥಮಾಡಬೇಕಾಗುವುದು.

ಇನ್ನು ಕೋಶಗಳ ಸಾಕ್ಷ್ಯ. ಅಮರನು ಹೇಳದೆ ಬಿಟ್ಟ ಲಕ್ಷಣಗಳನ್ನು ಹೇಮಚಂದ್ರಾಚಾರ್ಯನು ಹೇಳಿರುವನು. ಗುಜರಾತಿನ ಜಯಸಿಂಹ ಸಿದ್ಧರಾಜ, ಕುಮಾರಪಾಲ ಇವರ ಆಶ್ರಯದಲ್ಲಿದ್ದ ಈ ಜೈನ ವಿದ್ವಾಂಸನು ೧೨ನೆಯ ಶತಮಾನದವನು. ಅವನ ಅಭಿಧಾನಚಿಂತಾಮಣಿಯಲ್ಲಿ ಧಾರೆಗಳ ಕ್ರಮ ಅಮರನ ಕ್ರಮಕ್ಕಿಂತ ಬೇರೆ: ಧೌರಿತಕ, ವಲ್ಗಿತ, ಪ್ಲುತ, ಉತ್ತೇಜಿತ, ಉತ್ತೇರಿತ. ಇವುಗಳಲ್ಲಿ ಉತ್ತೇಜಿತಕ್ಕೆ ರೇಚಿತವೆಂದೂ, ಉತ್ತೇರಿತಕ್ಕೆ ಉಪಕಂಠ, ಆಸ್ಕಂದಿತಕ ಎಂದೂ ಪರ್ಯಾಯಗಳನ್ನು ಕೊಟ್ಟಿರುವುದರಿಂದ ಅಮರನ ಐದೂ ಇಲ್ಲಿವೆ, ಅನುಕ್ರಮವೊಂದೇ ಬೇರೆ. ಧಾರೆಗಳು ಏರುವೇಗದ ಮೆಟ್ಟಲುಗಳಾಗಿದ್ದಲ್ಲಿ ಒಬ್ಬನು ಮೊದಲಿಟ್ಟ ಆಸ್ಕಂದಿತವನ್ನು ಮತ್ತೊಬ್ಬನು ಕಡೆಯಲ್ಲಿಡುವುದು ಸಂಭವಿಸದು. ಮೆಟ್ಟಲುಗಳನ್ನು ಎಣಿಸುವವರು ಕೆಳಗಿನದನ್ನು ಮೇಲೆ ಇಡುವುದಿಲ್ಲ.

ಹೇಮಚಂದ್ರನು ಕೊಡುವ ಲಕ್ಷಣಗಳ ಸಾರಾಂಶ ಹೀಗಿದೆ. ಮುಂಗುಸಿ, ಕಂಕಪಕ್ಷಿ, ನವಿಲು, ಹಂದಿ ಇವುಗಳ ನಡೆಯನ್ನು ಹೋಲುವುದು ಧೌರಿತಕ. ಶರೀರದ ಮುಂಭಾಗವನ್ನು ಮೇಲಕ್ಕೆತ್ತಿ, ಮುಖವನ್ನು ಒಳಕ್ಕೆ ಬಾಗಿಸಿ, ತ್ರಿಕವನ್ನು ತಗ್ಗಿಸಿ ನಡೆಯುವುದು ವಲ್ಗಿತ. ಹಕ್ಕಿಗಳ ಮತ್ತು ಜಿಂಕೆಗಳ ಗತಿಯನ್ನು ಅನುಕರಿಸುವುದು ಪ್ಲುತ. ಲಂಘನವೆಂಬುದು ಅದಕ್ಕೆ ಪರ್ಯಾಯ. ಮಧ್ಯಮ ವೇಗದಿಂದ ಹೋಗುವುದು ಉತ್ತೇಜಿತ. ಕೋಪಗೊಂಡಂತೆ ನಾಲ್ಕು ಕಾಲುಗಳಿಂದಲೂ ನೆಗೆನೆಗೆದು ಹೋಗುವುದು ಉತ್ತೇರಿತ. ಈ ಐದರಲ್ಲಿ ವೇಗವನ್ನು ಲಕ್ಷಣವಾಗಿ ಹೇಳಿರುವುದು ಒಂದಕ್ಕೆ ಮಾತ್ರ. ಉಳಿದ ನಾಲ್ಕಕ್ಕೂ ಶರೀರದ ಭಂಗಿಯೇ ಲಕ್ಷಣ.

ಇವುಗಳಲ್ಲಿ ವಲ್ಗಿತದ ಲಕ್ಷಣ ವಿಶೇಷವಾಗಿ ವಿಚಾರಣೀಯ. ತ್ರಿಕವೆಂದರೆ ಬೆನ್ನೆಲುಬು ಸೊಂಟದ ಮೂಳೆಗಳೊಡನೆ ಕೂಡುವ ಸ್ಥಳ. ನಾಗಾಲೋಟದಲ್ಲಿ ಓಡುವ ಕುದುರೆ ಕೊರಳನ್ನು ಮುಂದಕ್ಕೆ ಚಾಚುವುದು. ಮುಖವನ್ನು ಒಳಕ್ಕೆ ಸೆಳೆದುಕೊಳ್ಳುವುದಿಲ್ಲ. ಹಿಂಭಾಗವನ್ನು ತಗ್ಗಿಸಿ ಹಿಡಿಯುವುದೂ ಇಲ್ಲ. ಅಂದಮೇಲೆ ವಲ್ಗಿತವನ್ನು ನಾಗಾಲೋಟವೆನ್ನುವುದು ಲಕ್ಷಣಕ್ಕೆ ನೇರವಾಗಿ ವಿರುದ್ಧ. ಹೇಮಚಂದ್ರನು ವರ್ಣಿಸುತ್ತಿರುವುದು ಭಾರವನ್ನು ಹಿಂಗಾಲುಗಳ ಮೇಲೆ ತಾಳಿ ಮುಂಭಾಗವನ್ನು ಹಗುರಮಾಡಿಕೊಂಡ, ಶರೀರವನ್ನೆಲ್ಲ ಒಂದೆಡೆ ಕೂಡಿಸಿಕೊಂಡ ಶಿಕ್ಷಿತಾಶ್ವವನ್ನು.

೩

ಹೇಮಚಂದ್ರನ ಲಕ್ಷಣಗಳು ಅವನ ಕಲ್ಪನೆಯೆ, ಹಿಂದಿನಿಂದ ಬಂದವೆ ಎಂಬ ಪ್ರಶ್ನೆಗೆ ಕೌಟಿಲ್ಯನ ಅರ್ಥಶಾಸ್ತ್ರ ಉತ್ತರವನ್ನು ಕೊಡುವುದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಬೆಳಕಿಗೆ ತಂದದ್ದು ವಿದ್ವಜ್ಜನರಿಗೆ ತಿಳಿದ ವಿಷಯ. ಅದರ ಎರಡನೆಯ ಅಧಿಕರಣದ ಮೂವತ್ತನೆಯ ಅಧ್ಯಾಯ ಅಶ್ವಾಧ್ಯಕ್ಷನಿಗೆ ಮೀಸಲು. ಉತ್ತಮಾಶ್ವದ ಮುಖ ೩೨ ಅಂಗುಲ, ಉದ್ದ ಮುಖದ ಐದರಷ್ಟು, ಜಂಘೆ ೨೦ ಅಂಗುಲ, ಎತ್ತರ ಜಂಘೆಯ ನಾಲ್ಕರಷ್ಟು ಎಂಬ ಅಳತೆಗಳೂ, ಕಾಂಬೋಜ, ಸೈಂಧವ, ಆರಟ್ಟ, ವನಾಯು ದೇಶಗಳ ಕುದುರೆಗಳು ಉತ್ತಮವೆಂಬ ನಿರ್ಣಯವೂ, ಮೇವಿನ ಲೆಕ್ಕವೂ ಅಲ್ಲಿವೆ. ಕುದುರೆಯ ಸ್ವಭಾವ ತೀಕ್ಷ್ಣವೋ ಭದ್ರವೋ ಮಂದವೋ ಎಂಬುದನ್ನು ನೋಡಿ, ಅದಕ್ಕೆ ತಕ್ಕಂತೆ ಯುದ್ಧದ ಕೆಲಸಕ್ಕೋ ಸವಾರಿಯ ಕೆಲಸಕ್ಕೋ ಹಚ್ಚಬೇಕೆಂದು ವಿಧಿಸಿದೆ. ಶಿಕ್ಷಕನಿಗೆ ಅಲ್ಲಿರುವ ಹೆಸರು ‘ಯೋಗ್ಯಾಚಾರ್ಯ’. ಯೋಗ್ಯಾ ಎಂದರೆ ಅಭ್ಯಾಸ, ಸಾಧನೆ. ಬಿಲ್ವಿದ್ಯೆಯಲ್ಲಿ ಬಳಸುವ ಶಬ್ದವನ್ನೇ ಕುದುರೆಯ ವಿಷಯದಲ್ಲಿಯೂ ಬಳಸಿರುವುದು ಗಮನಾರ್ಹ.

ಸವಾರಿಯ ಕುದುರೆಗೆ ಕಲಿಸಬೇಕಾದ ಔಪವಾಹ್ಯ ಕರ್ಮವನ್ನು ಕೌಟಿಲ್ಯನು ಐದು ವರ್ಗಗಳಾಗಿ ಮಾಡಿರುವನು: ವಲ್ಗನ, ನೀಚೈರ್ಗತ, ಲಂಘನ, ಧೋರಣ, ನಾರೋಷ್ಟ್ರ. ವಲ್ಗನದಲ್ಲಿ ಆರು ಭೇದ, ನೀಚೈರ್ಗತದಲ್ಲಿ ಹದಿನಾರು, ಲಂಘನದಲ್ಲಿ ಏಳು, ಧೋರಣದಲ್ಲಿ ಎಂಟು. ಈ ಪಟ್ಟಿಯನ್ನು ಹೇಮಚಂದ್ರನ ಲಕ್ಷಣಗಳ ಪಕ್ಕದಲ್ಲಿಟ್ಟು ನೋಡಿದರೆ ಸಂಬಂಧ ತಾನಾಗಿ ಹೊಳೆಯುವುದು. ಕೌಟಿಲ್ಯನ ಧೋರಣಗಳ ಹೆಸರುಗಳಲ್ಲಿ ಕಂಕ, ಮಯೂರ, ಅರ್ಧಮಯೂರ, ನಕುಲ, ಅರ್ಧನಕುಲ, ವರಾಹ, ಅರ್ಧವರಾಹ ಎಂಬವು ಸೇರಿವೆ. ಹೇಮಚಂದ್ರನು ಧೌರಿತಕಕ್ಕೆ ಉಪಮಾನವಾಗಿ ಹೇಳಿದ ನಾಲ್ಕು ಪ್ರಾಣಿಗಳೂ, ಎಂದರೆ ಕಂಕ, ನವಿಲು, ಮುಂಗುಸಿ, ಹಂದಿ, ಇಲ್ಲಿಯೇ ಇವೆ. ಅದರಂತೆ ಕೌಟಿಲ್ಯನ ಲಂಘನಗಳಲ್ಲಿ ಕಪಿ, ಕಪ್ಪೆ, ಜಿಂಕೆ, ಕೋಗಿಲೆ, ಬಕ ಇವುಗಳ ಹೆಸರು ಹೊತ್ತ ಗತಿಗಳಿವೆ; ಹೇಮಚಂದ್ರನು ಲಂಘನವನ್ನು ಪ್ಲುತಕ್ಕೆ ಪರ್ಯಾಯವಾಗಿ ಕೊಟ್ಟು, ಅದು ಹಕ್ಕಿ ಮತ್ತು ಜಿಂಕೆಗಳ ಅನುಕರಣವೆಂದಿರುವನು. ಇಷ್ಟು ಸಾಮ್ಯ ಆಕಸ್ಮಿಕವಾಗಿ ಬರತಕ್ಕದ್ದಲ್ಲ. ಕೋಶಕಾರನ ಎದುರಿಗೆ ಅರ್ಥಶಾಸ್ತ್ರವೇ ಇದ್ದಿತೋ, ಅದಕ್ಕೂ ಇವನಿಗೂ ಸಮಾನವಾದ ಶಾಲಿಹೋತ್ರ ಪರಂಪರೆಯ ಗ್ರಂಥವಿದ್ದಿತೋ, ಹೇಗಾದರೂ ಸಂಪ್ರದಾಯ ಒಂದೇ.

ಇದರಿಂದ ಮತ್ತೊಂದು ಅಂಶವೂ ಸ್ಪಷ್ಟವಾಗುವುದು. ಕೌಟಿಲ್ಯನಲ್ಲಿ ‘ಧಾರಾ’ ಎಂಬ ಶಬ್ದ ಬೇರೆಯಾಗಿಯೇ ಬಂದಿದೆ. ರಥದ ಕುದುರೆಗಳಿಗೆ ೬, ೯, ೧೨ ಯೋಜನಗಳು, ಸವಾರಿಯ ಕುದುರೆಗಳಿಗೆ ೫, ೭½, ೧೦ ಯೋಜನಗಳು ಎಂದು ದಾರಿಯ ಅಳತೆಯನ್ನು ಹೇಳಿದ ಮೇಲೆ ವಿಕ್ರಮ, ವಲ್ಗಿತ, ಉಪಕಂಠ, ಉಪಜವ, ಜವ ಎಂಬ ಐದು ಧಾರೆಗಳನ್ನು ಎಣಿಸಿದೆ. ಉಪಜವ, ಜವ ಎಂಬ ಹೆಸರುಗಳಲ್ಲಿ ವೇಗದ ಅರ್ಥ ನಿಸ್ಸಂದೇಹವಾಗಿದೆ. ಆದರೆ ಅಮರನ ಪಟ್ಟಿಯಲ್ಲಿ ಈ ಎರಡೂ ಇಲ್ಲ, ವಿಕ್ರಮವೂ ಇಲ್ಲ. ಅವುಗಳ ಸ್ಥಾನದಲ್ಲಿ ಧೌರಿತಕ, ಪ್ಲುತ, ರೇಚಿತಗಳು ಬಂದಿವೆ. ಅಂದರೆ ಕೌಟಿಲ್ಯನ ಗ್ರಂಥದಲ್ಲಿ ಔಪವಾಹ್ಯ ಕರ್ಮಗಳಾಗಿದ್ದ ಧೋರಣ, ಲಂಘನಗಳು ಕಾಲಕ್ರಮದಲ್ಲಿ ಧಾರೆಗಳೆಂಬ ಹೆಸರಿನೊಳಕ್ಕೆ ಪ್ರವೇಶಿಸಿದವು. ಹೆಸರು ಹಳೆಯದು, ಒಳಗಿನ ವಸ್ತು ಬೇರೆ. ಹೆಸರನ್ನು ಮಾತ್ರ ನೋಡಿದವರು ವೇಗವೆಂದರು. ಈಗಿನ ಗೊಂದಲದ ಮೂಲ ಇದೇ ಎಂದು ತೋರುತ್ತದೆ.

೪

ಶಾಮಶಾಸ್ತ್ರಿಗಳು ೧೯೧೫ರ ತಮ್ಮ ಇಂಗ್ಲಿಷ್ ಭಾಷಾಂತರದಲ್ಲಿ ವಲ್ಗನವನ್ನು ಮಂಡಲಾಕಾರದ ಗತಿಯೆಂದು ತಿರುಗಿಸಿರುವರು. ಅತಿ ಚಿಕ್ಕ ಸುತ್ತಿನಲ್ಲಿ ತಿರುಗುವುದು, ತಿರುಗುತ್ತಲೇ ಮುಂದುವರಿಯುವುದು ಮುಂತಾದ ವಿವರಗಳು ವ್ಯಾಖ್ಯಾನದಲ್ಲಿ ಬರುತ್ತವೆ. ಹೇಮಚಂದ್ರನಾದರೋ ಮಂಡಲದ ಮಾತನ್ನೇ ಆಡದೆ ಶರೀರದ ಭಂಗಿಯನ್ನು ಹೇಳುವನು. ಮೇಲುನೋಟಕ್ಕೆ ಇವೆರಡೂ ಬೇರೆ ಬೇರೆ ಅರ್ಥಗಳಂತೆ ಕಾಣುತ್ತವೆ. ಕುದುರೆಯ ಶರೀರವನ್ನು ಬಲ್ಲವರಿಗೆ ಎರಡೂ ಒಂದೇ.

ನಿಂತ ಕುದುರೆಯ ಭಾರದಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಮುಂಗಾಲುಗಳ ಮೇಲಿರುವುದು. ರಾವುತನು ಹತ್ತಿದರೆ ಮುಂಭಾಗದ ಹೊರೆ ಇನ್ನೂ ಹೆಚ್ಚುವುದು. ಹೀಗೆ ಮುಂದಕ್ಕೆ ತೂಗುವ ಕುದುರೆ ಕಡಿವಾಣದ ಮೇಲೆ ಒರಗುವುದು, ಎಡವುವುದು, ತಿರುಗುವುದಕ್ಕೆ ದೊಡ್ಡ ಸುತ್ತನ್ನು ಬೇಡುವುದು. ಅದನ್ನು ಚಿಕ್ಕ ಮಂಡಲದಲ್ಲಿ ನಡೆಸಿದರೆ ಒಳಮೈಯ ಹಿಂಗಾಲನ್ನು ಹೊಟ್ಟೆಯ ಕೆಳಗೆ ಮುಂದಕ್ಕೆ ತಂದು ಇಡಲೇಬೇಕಾಗುವುದು. ಹಾಗೆ ತಂದು ಇಟ್ಟಾಗ ಹಿಂಗಾಲಿನ ಸಂಧಿಗಳು ಮಡಿಯುವುವು. ಸಂಧಿಗಳು ಮಡಿದರೆ ತ್ರಿಕ ತಗ್ಗುವುದು. ತ್ರಿಕ ತಗ್ಗಿದರೆ ಹೆಗಲು ಏಳುವುದು. ಹೆಗಲು ಎದ್ದರೆ ಕೊರಳು ಬಾಗಿ ಮುಖ ತಾನಾಗಿ ಒಳಕ್ಕೆ ಬರುವುದು. ಮಂಡಲವು ಸಾಧನೆ, ಭಂಗಿಯು ಸಿದ್ಧಿ. ಅರ್ಥಶಾಸ್ತ್ರದ ವ್ಯಾಖ್ಯಾನ ಸಾಧನೆಯನ್ನು ಹೇಳಿತು. ಕೋಶ ಸಿದ್ಧಿಯನ್ನು ಹೇಳಿತು. ತಲೆ ಮತ್ತು ಕಿವಿಗಳು ಶುದ್ಧವಾಗಿ ನಿಂತಿರುವಾಗ ಅದೇ ವಲ್ಗನ ನೀಚೈರ್ಗತವೆನಿಸುವುದೆಂದು ಕೌಟಿಲ್ಯನು ಹೇಳಿರುವುದೂ ಇದಕ್ಕೆ ಒಪ್ಪುತ್ತದೆ. ತಲೆಯ ನಿಲುವು ಅಲಂಕಾರಕ್ಕಾಗಿ ಬಂದುದಲ್ಲ. ಹಿಂಭಾಗದ ಕೆಲಸ ಸರಿಯಾಗಿದೆಯೆಂಬುದಕ್ಕೆ ಅದು ಕುರುಹು.

ಐದನೆಯ ವರ್ಗವಾದ ನಾರೋಷ್ಟ್ರವೆಂದರೆ ಸಂಜ್ಞೆಗೆ ತಕ್ಕ ಪ್ರತಿಕ್ರಿಯೆ. ಇದಕ್ಕೆ ಉಪಭೇದಗಳನ್ನು ಹೇಳಿಲ್ಲ. ಉಳಿದ ನಾಲ್ಕರ ಫಲ ಇದರಲ್ಲಿ ಕೂಡುವುದು. ಭಾರವನ್ನು ಮುಂದಕ್ಕೆ ಚೆಲ್ಲಿದ ಕುದುರೆ ಸಂಜ್ಞೆಯನ್ನು ತಿಳಿದರೂ ಪಾಲಿಸಲಾರದು. ಹಗುರವಾದ ಕುದುರೆಗೆ ವಾಘೆಯ ಒಂದು ಎಳೆ ಸಾಕು.

೫

ಈ ದೃಷ್ಟಿಯಿಂದ ಕಾವ್ಯಗಳನ್ನು ನೋಡಿದರೆ ಕವಿಗಳ ಮಾತು ಎಷ್ಟು ನಿಖರವೆಂಬುದು ವ್ಯಕ್ತವಾಗುವುದು. ಶಿಶುಪಾಲವಧದ ಐದನೆಯ ಸರ್ಗದಲ್ಲಿ ಕೃಷ್ಣನ ಸೇನೆ ರೈವತಕದ ಬಳಿ ಬೀಡುಬಿಟ್ಟಾಗ ಮಾಘನು ಒಬ್ಬ ರಾವುತನನ್ನು ವರ್ಣಿಸಿರುವನು. ಅವನು ವಾಘೆಗಳ ವಿಭಾಗದಲ್ಲಿ ಕುಶಲನು. ಬಾಯಿಯ ಶಿಕ್ಷೆಯಲ್ಲಿ ಆಗಲೇ ಸಿದ್ಧವಾದ ಕುದುರೆಯನ್ನು, ಧಾರೆಗಳು ಒಂದರೊಡನೊಂದು ಬೆರೆಯದಂತೆ ಸಾಧಿಸುವುದಕ್ಕಾಗಿ, ಗಡಿಬಿಡಿಯಿಲ್ಲದೆ ಒಂಬತ್ತು ವೀಥಿಗಳಲ್ಲಿ ನಡೆಸುವನು. ಇಲ್ಲಿ ಶಿಕ್ಷೆಯ ಕ್ರಮವೆಲ್ಲ ಅಡಗಿದೆ: ಮೊದಲು ಬಾಯಿ, ಆಮೇಲೆ ಧಾರೆ, ಧಾರೆಯ ಶುದ್ಧಿಗೆ ವೀಥಿ. ಧಾರೆಯೆಂದರೆ ವೇಗವೇ ಆಗಿದ್ದರೆ ‘ಬೆರೆಯದಂತೆ’ ಎಂಬ ವಿಶೇಷಣಕ್ಕೆ ಅರ್ಥವೇನು? ವೇಗ ಹೆಚ್ಚಬಹುದು, ಕಡಮೆಯಾಗಬಹುದು. ಬೆರೆಯುವುದು ನಡೆಯ ವಿನ್ಯಾಸ ಮಾತ್ರ.

ಬೆರಕೆ ಎಂಬ ದೋಷ ಹೇಗಿರುವುದೆಂಬುದನ್ನು ಸಹಜವಾದ ಸುಖಗತಿಯುಳ್ಳ ಕುದುರೆಗಳಲ್ಲಿ ಚೆನ್ನಾಗಿ ನೋಡಬಹುದು. ಸಾಮಾನ್ಯವಾದ ಕುದುರೆ ಕುಕ್ಕುಲೋಟದಲ್ಲಿ ಮೂಲೆಗೆ ಮೂಲೆಯಾದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತುವುದು. ಅದರಿಂದ ರಾವುತನಿಗೆ ಕುಲುಕಾಟ ಹೆಚ್ಚು. ಕೆಲವು ತಳಿಗಳಿಗೆ ನಾಲ್ಕು ಕಾಲುಗಳನ್ನೂ ಒಂದಾದ ಮೇಲೊಂದರಂತೆ ಇಟ್ಟು, ಬೆನ್ನು ಅಲುಗದಂತೆ ವೇಗವಾಗಿ ಸಾಗುವ ನಡೆ ಹುಟ್ಟಿನಿಂದಲೇ ಬರುವುದು. ರಾಜಸ್ಥಾನದ ಮಾರ್ವಾಡಿ, ಸೌರಾಷ್ಟ್ರದ ಕಾಠಿಯಾವಾಡಿ ತಳಿಗಳಲ್ಲಿ ಇದನ್ನು ರೇವಾಲ್ ಎನ್ನುವರು. ಸುಖವಾಗಿ ಸಾಗುವ ಕುದುರೆಗೆ ಪಾರಸಿಯಲ್ಲಿರುವ ‘ರಹ್ವಾರ್’ ಎಂಬ ಹೆಸರಿಗೂ ಇದಕ್ಕೂ ಸಂಬಂಧವಿದ್ದಂತೆ ತೋರುತ್ತದೆ. ಐಸ್‌ಲೆಂಡಿನ ಕುದುರೆಯೇ ಮೊದಲಾದ ಹಲವು ತಳಿಗಳಲ್ಲಿ ಇಂಥ ನಡೆಗೆ ಕಾರಣವಾದ ವಂಶಗುಣವನ್ನು ೨೦೧೨ರಲ್ಲಿ ವಿಜ್ಞಾನಿಗಳು ಡಿ. ಎಂ. ಆರ್. ಟಿ. ೩ ಎಂಬ ಜೀನಿನ ಒಂದು ವ್ಯತ್ಯಾಸದಲ್ಲಿ ಗುರುತಿಸಿದರು.

ಹುಟ್ಟಿನಿಂದ ಬಂದ ನಡೆಯಾದರೂ ಶಿಕ್ಷೆಯಿಲ್ಲದೆ ನಿಲ್ಲುವುದಿಲ್ಲ. ಅವಸರಪಡಿಸಿದರೆ ಇಂಥ ಕುದುರೆ ತಲೆಯನ್ನು ಮೇಲಕ್ಕೆಸೆದು ಬೆನ್ನನ್ನು ತಗ್ಗುಮಾಡಿಕೊಂಡು ಬಿಗಿಯುವುದು. ಆಗ ನಾಲ್ಕು ಹೆಜ್ಜೆಗಳ ಸ್ಪಷ್ಟವಾದ ತಾಳ ಕೆಟ್ಟು, ಒಂದು ಪಕ್ಕದ ಎರಡು ಕಾಲುಗಳು ಒಟ್ಟಿಗೆ ಬೀಳುವ ಒಡ್ಡುನಡೆಯಾಗುವುದು. ಒಮ್ಮೊಮ್ಮೆ ಮುಂಗಾಲು ಒಂದು ನಡೆಯನ್ನೂ ಹಿಂಗಾಲು ಮತ್ತೊಂದನ್ನೂ ಹಿಡಿಯುವುದು. ಮಾಘನು ಪರಿಹರಿಸಬೇಕೆಂದ ಬೆರಕೆ ಇದೇ. ಇದಕ್ಕೆ ಈಗಿನ ಶಿಕ್ಷಕರು ಹೇಳುವ ಚಿಕಿತ್ಸೆಯೂ ಹಳೆಯದೇ: ವೇಗವನ್ನು ಬಿಟ್ಟು ನಿಧಾನವಾದ ನಡಿಗೆಯಿಂದ ತೊಡಗುವುದು, ಕೊರಳನ್ನು ಕೆಳಕ್ಕೆ ಚಾಚಿಸಿ ಬೆನ್ನನ್ನು ಸಡಿಲಗೊಳಿಸುವುದು, ಎಡಕ್ಕೂ ಬಲಕ್ಕೂ ಸಮನಾಗಿ ಮಂಡಲಗಳಲ್ಲಿ ನಡೆಸಿ ಒಳಗಾಲನ್ನು ಮೈಯ ಕೆಳಗೆ ತರಿಸುವುದು, ನೆಲದ ಮೇಲೆ ಅಡ್ಡವಾಗಿಟ್ಟ ಗಳುಗಳನ್ನು ದಾಟಿಸಿ ಒಂದೊಂದು ಕಾಲನ್ನೂ ಬೇರೆ ಬೇರೆಯಾಗಿ ಎತ್ತಿಸುವುದು, ನಿಲ್ಲಿಸಿ, ನಡೆಸಿ, ಮತ್ತೆ ನಿಲ್ಲಿಸಿ ಸಂಜ್ಞೆಯನ್ನು ಸೂಕ್ಷ್ಮಗೊಳಿಸುತ್ತ ಹೋಗುವುದು.

ಶಾಕುಂತಲದ ಪ್ರಥಮಾಂಕದ ರಥಗತಿಯ ವರ್ಣನೆ ಇದಕ್ಕೆ ಪ್ರತಿಯಾದ ಚಿತ್ರ. ಸೂತನು ವಾಘೆಯನ್ನು ಸಡಿಲಬಿಟ್ಟೊಡನೆ ಕುದುರೆಗಳು ಮೈಯ ಮುಂಭಾಗವನ್ನು ನೀಳವಾಗಿ ಚಾಚುತ್ತವೆ; ತಲೆಯ ಚಾಮರ ಅಲುಗುವುದಿಲ್ಲ; ಕಿವಿಗಳು ನಿಶ್ಚಲವಾಗಿ ನೆಟ್ಟಗೆ ನಿಲ್ಲುತ್ತವೆ. ಇದು ಜವ. ಮುಂಭಾಗವನ್ನು ಎತ್ತಿ ಮುಖವನ್ನು ಬಾಗಿಸಿದ್ದು ವಲ್ಗಿತ. ಕಾಳಿದಾಸನಿಗೆ ಈ ಅಂತರ ಗೊತ್ತಿದ್ದಿತು. ಆದುದರಿಂದಲೇ ಓಡುವ ಕುದುರೆಗೆ ಅವನು ಕುಣಿಯುವ ಕುದುರೆಯ ಭಂಗಿಯನ್ನು ಕೊಡಲಿಲ್ಲ. ಅಗ್ನಿಪುರಾಣದ ಅಶ್ವವಾಹನಸಾರದಲ್ಲಿ ಸಂಕ್ಷಿಪ್ತ, ವಿಕ್ಷಿಪ್ತ, ಕುಂಚಿತ ಮೊದಲಾದ ಭೇದಗಳನ್ನು ಎಣಿಸಿ, ವೀಥಿಯ ಉದ್ದವನ್ನು ೧೦೦, ೯೦, ೮೦ ಧನುಸ್ಸುಗಳೆಂದು ಅಳತೆಮಾಡಿ ಹೇಳಿದೆ. ಕೂಡಿಸುವುದು, ಚಾಚಿಸುವುದು ಎಂಬ ಜೋಡಿಯೇ ಶಿಕ್ಷೆಯ ಜೀವಾಳವೆಂಬುದಕ್ಕೆ ಸಂಕ್ಷಿಪ್ತ, ವಿಕ್ಷಿಪ್ತ ಎಂಬ ಹೆಸರುಗಳೇ ಸಾಕ್ಷಿ.

೬

ಇತರ ದೇಶಗಳ ಅಶ್ವಶಾಸ್ತ್ರದೊಡನೆ ಹೋಲಿಸಿದರೆ ಈ ಅರ್ಥಕ್ಕೆ ಇನ್ನಷ್ಟು ಬಲ ಬರುವುದು. ಮಂಡಲಾಭ್ಯಾಸ ಅತಿ ಪ್ರಾಚೀನ. ಏಷ್ಯಾಮೈನರಿನ ಬೊಗಾಜ್‌ಕೋಯಿಯಲ್ಲಿ ದೊರೆತ ಮಣ್ಣಿನ ಫಲಕಗಳಲ್ಲಿ ಮಿತಾನ್ನಿ ದೇಶದ ಕಿಕ್ಕುಲಿಯೆಂಬ ಶಿಕ್ಷಕನ ಗ್ರಂಥವೊಂದಿದೆ. ಅದು ಕ್ರಿ. ಪೂ. ೧೪ನೆಯ ಶತಮಾನದ ಸುಮಾರಿನದು. ರಥಾಶ್ವಗಳಿಗೆ ಅರ್ಧ ವರ್ಷಕ್ಕೂ ಮೀರಿದ ದಿನಚರಿಯನ್ನು ಹೇಳುವುದು. ಹಿಟ್ಟೈಟ್ ಭಾಷೆಯ ಆ ಗ್ರಂಥದಲ್ಲಿ ಸುತ್ತುಗಳನ್ನು ಹೇಳುವೆಡೆ ‘ಐಕವರ್ತನ್ನ’, ‘ತೇರವರ್ತನ್ನ’, ‘ಪಂಜವರ್ತನ್ನ’, ‘ಸತ್ತವರ್ತನ್ನ’ ಎಂಬ ಶಬ್ದಗಳಿವೆ. ಏಕ, ತ್ರಿ, ಪಂಚ, ಸಪ್ತ ಎಂಬ ಸಂಖ್ಯೆಗಳನ್ನೂ ‘ವರ್ತನ’ ಶಬ್ದವನ್ನೂ ಇವುಗಳಲ್ಲಿ ಯಾರಾದರೂ ಗುರುತಿಸಬಹುದು. ಪರಭಾಷೆಯ ಗ್ರಂಥದಲ್ಲಿ ಅಶ್ವಶಿಕ್ಷೆಯ ಪಾರಿಭಾಷಿಕ ಶಬ್ದಗಳು ಮಾತ್ರ ಆರ್ಯಭಾಷೆಯವಾಗಿ ಉಳಿದಿರುವುದರಿಂದ ಆ ವಿದ್ಯೆ ಯಾರಿಂದ ಹರಡಿತೆಂಬುದನ್ನು ಊಹಿಸಬಹುದು.

ಗ್ರೀಸಿನ ಕ್ಸೆನೊಫನ್ ಕ್ರಿ. ಪೂ. ೪ನೆಯ ಶತಮಾನದಲ್ಲಿ ಬರೆದ ಅಶ್ವಾರೋಹಣ ಗ್ರಂಥ ಸವಾರಿಯ ಕುದುರೆಗೆ ಸಂಬಂಧಪಟ್ಟದ್ದು. ಅವನು ಎರಡು ಪಕ್ಕಗಳಿಗೂ ಮಂಡಲಾಭ್ಯಾಸವನ್ನು ವಿಧಿಸುವನು; ಹಗುರವಾದ ಕೈಯನ್ನು ಹೊಗಳುವನು; ಕುದುರೆ ತಾನೇ ಸಂತೋಷದಿಂದ ಮೆರೆಯುವಾಗ ಕೊರಳನ್ನು ಎತ್ತಿ ಬಾಗಿಸುವ ಭಂಗಿಯನ್ನೇ ಶಿಕ್ಷೆಯಿಂದ ತರಬೇಕೆನ್ನುವನು. ಬಲಾತ್ಕಾರದಿಂದ ಮಾಡಿಸಿದ್ದರಲ್ಲಿ, ಹೊಡೆದು ಕುಣಿಸಿದ ನರ್ತಕನ ಕುಣಿತದಲ್ಲಿರುವಂತೆ, ಸೊಬಗಿರುವುದಿಲ್ಲವೆಂಬುದು ಅವನ ಅಭಿಪ್ರಾಯ. ಕಡಿವಾಣಕ್ಕೆ ಸಂಸ್ಕೃತದಲ್ಲಿರುವ ‘ಖಲೀನ’ ಶಬ್ದ ಗ್ರೀಕಿನ ‘ಖಲಿನೋಸ್’ ಶಬ್ದದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರಲ್ಲಿ ಬಹುಮಂದಿಯ ಮತ. ಉಪಕರಣದ ಹೆಸರು ಸಾಲವಾಗಿ ಬಂದಿರಬಹುದು. ವಲ್ಗನ, ಧೋರಣಗಳ ಪರಿಭಾಷೆ ಮಾತ್ರ ಈ ನೆಲದ್ದೇ. ಫ್ರಾನ್ಸಿನ ಲಾ ಗೆರಿನಿಯೇರ್ ೧೭೩೩ರ ತನ್ನ ಗ್ರಂಥದಲ್ಲಿ ಹೆಗಲನ್ನು ಒಳಕ್ಕೆ ತಂದು ಓರೆಯಾಗಿ ನಡೆಸುವ ಅಭ್ಯಾಸವನ್ನು ವಿವರಿಸಿದನು. ಒಳಹಿಂಗಾಲನ್ನು ಮೈಯ ಕೆಳಗೆ ತಂದು ಹೆಗಲನ್ನು ಹಗುರಗೊಳಿಸುವುದೇ ಅದರ ಫಲ. ದೇಶಕಾಲಗಳು ಬೇರೆಯಾದರೂ ಕುದುರೆಯ ಮೈ ಒಂದೇ ಆದಕಾರಣ ಉಪಾಯಗಳೂ ಒಂದೇ ಕಡೆಗೆ ಸಾಗಿದವು.

೭

ಕರ್ಣಾಟಕದಲ್ಲಿ ಈ ವಿದ್ಯೆ ರಾಜಸಭೆಯ ವಿನೋದವಾಗಿಯೂ ಬೆಳೆಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಆನೆಗಳ ವಾಹ್ಯಾಲಿಗೂ ಕುದುರೆಗಳ ವಾಹ್ಯಾಲಿಗೂ ಬೇರೆ ಬೇರೆ ಪ್ರಕರಣಗಳಿವೆ. ಅಶ್ವವಾಹ್ಯಾಲಿಯಲ್ಲಿ ಕುದುರೆಯನ್ನೇರಿ ಕೋಲಿನಿಂದ ಚೆಂಡನ್ನು ಹೊಡೆಯುವ ಆಟದ ವರ್ಣನೆಯಿದೆ. ಓಡುವ ಕುದುರೆಯನ್ನು ಚೆಂಡಿನ ಹಿಂದೆ ತಟ್ಟನೆ ನಿಲ್ಲಿಸಿ ತಿರುಗಿಸಬೇಕಾದರೆ ವಲ್ಗನವೂ ನಾರೋಷ್ಟ್ರವೂ ಸಿದ್ಧಿಸಿರಬೇಕು. ಬರಿಯ ವೇಗದಿಂದ ಈ ಆಟ ನಡೆಯದು. ಹೇಮಚಂದ್ರನೂ ಸೋಮೇಶ್ವರನೂ ಒಂದೇ ಶತಮಾನದವರು. ಒಬ್ಬನು ಕೋಶದಲ್ಲಿ ಬರೆದುದನ್ನು ಮತ್ತೊಬ್ಬನು ಮೈದಾನದಲ್ಲಿ ನೋಡಿದನು ಎನ್ನಬಹುದು.

ವಾಹ್ಯಾಲಿ ಎಂಬ ಶಬ್ದ ಕನ್ನಡದಲ್ಲಿ ವೈಹಾಳಿ, ವಯ್ಯಾಳಿ ಎಂದಾಗಿದೆ. ವಲ್ಗೆಯಿಂದ ವಾಘೆ, ಪರ್ಯಾಣದಿಂದ ಹಲ್ಲಣ, ರಾಜಪುತ್ರನಿಂದ ರಾವುತ ಎಂಬ ರೂಪಗಳು ಬಂದಿವೆ. ಇವು ಪಂಡಿತರ ಕೋಶಗಳಿಂದ ಇಳಿದ ಶಬ್ದಗಳಲ್ಲ. ಲಾಯದಲ್ಲಿಯೂ ಬೀದಿಯಲ್ಲಿಯೂ ಬಳಕೆಯಿಂದ ಸವೆದು ನುಣುಪಾದ ತದ್ಭವಗಳು. ೧೪೦೦ರ ಸುಮಾರಿನ ಅಭಿನವಚಂದ್ರನ ಅಶ್ವವೈದ್ಯ, ೧೭೦೯ರಲ್ಲಿ ಮುಗಿದ ಕೆಳದಿಯ ಬಸವಪ್ಪನಾಯಕನ ಶಿವತತ್ತ್ವರತ್ನಾಕರ ಮುಂತಾದ ಗ್ರಂಥಗಳು ಪರಂಪರೆ ಬಹುಕಾಲ ಉಳಿದುದನ್ನು ತಿಳಿಸುತ್ತವೆ. ವಿಜಯನಗರದ ದೊರೆ ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜಿನ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಲೇಖಕ ನೂನಿಜ್ ಬರೆದಿರುವನು. ಕುದುರೆಗಳ ಜೊತೆಯಲ್ಲಿ ಹೊರದೇಶದ ಪರಿಭಾಷೆಯೂ ಬಂದಿತು. ಲಗಾಮು, ಜೀನು, ರಿಕಾಪು, ಚಬುಕು ಎಂಬ ಶಬ್ದಗಳು ಲಾಯವನ್ನು ಆಕ್ರಮಿಸಿದವು. ಆಮೇಲೆ ಅಶ್ವಸೇನೆಗಳೂ ಕಾಲಕ್ರಮದಲ್ಲಿ ಹೋದುವು. ಧೌರಿತಕ, ವಲ್ಗಿತಗಳು ಕೋಶದಲ್ಲಿ ಉಳಿದವು, ಆದರೆ ಅವನ್ನು ಕಣ್ಣಾರೆ ಕಂಡವರು ಪಾಠ ಹೇಳುವವರಲ್ಲಿ ಉಳಿಯಲಿಲ್ಲ. ವಸ್ತು ಮರೆಯಾದಾಗ ಶಬ್ದಕ್ಕೆ ಸಮೀಪದ ಸುಲಭಾರ್ಥ ಅಂಟಿಕೊಳ್ಳುವುದು ಲೋಕಸಹಜ.

ಮೇಲ್ಕಂಡ ವಿಚಾರಗಳಿಂದ ನಿರ್ಧರಿಸಬಹುದಾದ ಅಂಶಗಳು ಇಷ್ಟು. ಧೌರಿತಕ, ವಲ್ಗಿತ, ಪ್ಲುತಗಳು ಕೌಟಿಲ್ಯನು ಹೇಳಿದ ಧೋರಣ, ವಲ್ಗನ, ಲಂಘನಗಳೇ. ಇವು ಶಿಕ್ಷೆಯಿಂದ ಸಾಧಿಸತಕ್ಕ ನಡೆಗಳು. ವಲ್ಗಿತಕ್ಕೆ ನಾಗಾಲೋಟವೆಂಬ ಅರ್ಥ ಸಲ್ಲದು. ‘ಮುಂಭಾಗವನ್ನು ಎತ್ತಿ, ಮುಖವನ್ನು ಬಾಗಿಸಿ, ತ್ರಿಕವನ್ನು ತಗ್ಗಿಸಿದ ನಡೆ’ ಎಂದೇ ಕೋಶಗಳಲ್ಲಿ ಬರೆಯುವುದು ಯುಕ್ತ. ಧೌರಿತಕಕ್ಕೆ ‘ಶಿಕ್ಷಿತವಾದ ಚತುರಗತಿ’ ಎಂಬುದು ಧಾತ್ವರ್ಥಕ್ಕೂ ಸಂಪ್ರದಾಯಕ್ಕೂ ಹೊಂದುವುದು. ವೇಗದ ಅರ್ಥ ರೇಚಿತದಲ್ಲಿಯೂ, ಕೌಟಿಲ್ಯನ ಉಪಜವ, ಜವಗಳಲ್ಲಿಯೂ ಮಾತ್ರ ನಿಲ್ಲುವುದು. ಅಶ್ವಮೇಧದ ಕುದುರೆಯನ್ನೇ ಕಥೆಯ ಸೂತ್ರವಾಗಿ ಉಳ್ಳ ಜೈಮಿನಿಭಾರತದಂಥ ಕಾವ್ಯವನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕುದುರೆ ಓಡಿತೆಂಬಲ್ಲಿ ಓಡುವುದೂ ಕುಣಿಯಿತೆಂಬಲ್ಲಿ ಕುಣಿಯುವುದೂ ವಿದ್ಯಾರ್ಥಿಗಳ ಕಣ್ಣಿಗೆ ಬೇರೆ ಬೇರೆಯಾಗಿ ಕಂಡೀತು.